ಕೆಲಸದ ನಡುವೆ ಕೋಡಿಂಗ್: ವಾರಕ್ಕೆ ಆರು ತಾಸು, ಒಂದೇ ಕೋರ್ಸ್

ದಿನವಿಡೀ ದುಡಿದು ರಾತ್ರಿ ಒಂಬತ್ತೂವರೆಗೆ ಲ್ಯಾಪ್‌ಟಾಪ್ ತೆರೆಯುವವರಿಗೆ ಕೋರ್ಸ್‌ಗಳಿಗೇನೂ ಬರವಿಲ್ಲ. ಬರ ಇರುವುದು ಹೊತ್ತಿಗೆ. ಸಿಕ್ಕ ಅಷ್ಟಿಷ್ಟು ಹೊತ್ತೂ ವಿಡಿಯೊ ನೋಡುವುದರಲ್ಲೇ ಕಳೆದುಹೋಗುತ್ತದೆ. ನೋಡುವಾಗ ಎಲ್ಲವೂ ಅರ್ಥವಾದಂತೆಯೇ ಅನ್ನಿಸುತ್ತದೆ. ಖಾಲಿ ಫೈಲ್ ಮುಂದೆ ಕೂತರೆ ಮೊದಲ ಸಾಲೇ ಹೊಳೆಯುವುದಿಲ್ಲ. ಹಾಗಾಗಿ ಶುರುವಿನಲ್ಲೇ ಒಂದು ಲೆಕ್ಕ ಹಾಕಿಕೊಳ್ಳಿ: ಒಂದು ತಾಸು ನೋಡಿದರೆ ಎರಡು ತಾಸು ಬರೆಯಬೇಕು. ವಾರಕ್ಕೆ ಆರು ತಾಸು ಸಿಗುವವರು ಎರಡು ತಾಸಿಗಿಂತ ಹೆಚ್ಚು ವಿಡಿಯೊ ನೋಡಬಾರದು.

ಈ ಆರು ತಾಸನ್ನು ಹೀಗೆ ಹಂಚಬಹುದು. ಭಾನುವಾರ ಬೆಳಿಗ್ಗೆ, ತಲೆ ಹಗುರಾಗಿರುವಾಗ, ಮೂರು ತಾಸು: ಎರಡು ತಾಸು ಹೊಸ ಪಾಠ, ಒಂದು ತಾಸು ಆ ವಾರದ ಅಭ್ಯಾಸದ ಲೆಕ್ಕಗಳ ಆರಂಭ. ವಾರದ ದಿನಗಳಲ್ಲಿ ನಾಲ್ಕು ಸಲ ಮುಕ್ಕಾಲು ತಾಸಿನಂತೆ ಉಳಿದ ಲೆಕ್ಕಗಳು. ದಣಿದ ರಾತ್ರಿಯಲ್ಲಿ ಹೊಸ ವಿಷಯ ತಲೆಗೆ ಹತ್ತುವುದು ಕಷ್ಟ, ಅರ್ಧ ಮಾಡಿಟ್ಟ ಕೆಲಸ ಮುಂದುವರಿಸುವುದು ಅಷ್ಟು ಕಷ್ಟವಲ್ಲ. ಪ್ರತಿ ಸಲ ಏಳುವ ಮೊದಲು ಫೈಲಿನ ಕೊನೆಯಲ್ಲಿ # ಚಿಹ್ನೆ ಹಾಕಿ, ಮುಂದೆ ಮಾಡಬೇಕಾದದ್ದನ್ನು ಕನ್ನಡದಲ್ಲೇ ಒಂದು ಸಾಲು ಬರೆದಿಡಿ. # ಹಾಕಿದ ಸಾಲನ್ನು, ನೀವು ಕಲಿಯಲಿರುವ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಓದುವುದಿಲ್ಲ. ಮರುದಿನ ‘ಎಲ್ಲಿಗೆ ನಿಲ್ಲಿಸಿದ್ದೆ’ ಎಂದು ಹುಡುಕುವುದರಲ್ಲಿ ಹೋಗುವ ಹತ್ತು ನಿಮಿಷ ಉಳಿಯುತ್ತದೆ. ಮುಕ್ಕಾಲು ತಾಸಿನಲ್ಲಿ ಹತ್ತು ನಿಮಿಷವೆಂದರೆ ಕಡಿಮೆಯೇನಲ್ಲ.

ಮನೆಯಲ್ಲಿ ಮದುವೆ, ಕಚೇರಿಯಲ್ಲಿ ಆಡಿಟ್, ಮಗುವಿಗೆ ಜ್ವರ ಎಂದು ಎರಡು ವಾರ ತಪ್ಪಿಯೇ ತಪ್ಪುತ್ತದೆ. ಆಗ ಮೊದಲ ಪಾಠಕ್ಕೆ ಮರಳಬೇಡಿ. ಮೊದಲ ಮೂರು ಪಾಠಗಳನ್ನು ನಾಲ್ಕು ಸಲ ಮಾಡಿ, ಐದನೆಯದನ್ನು ಒಮ್ಮೆಯೂ ಮುಟ್ಟದವರು ಬಹಳ. ಕೊನೆಯದಾಗಿ ಬಿಡಿಸಿದ ಲೆಕ್ಕವನ್ನು ಹಳೆಯ ಉತ್ತರ ನೋಡದೆ ಮತ್ತೊಮ್ಮೆ ಬರೆಯಿರಿ, ಅದು ಬಂದರೆ ಮುಂದಕ್ಕೆ ಹೋಗಿ.

ಯಾವ ಕೋರ್ಸ್?

ಮೊದಲ ಭಾಷೆಯಾಗಿ ಪೈಥಾನ್ ಸಾಕು. ‘ಇಫ್’, ‘ಫಾರ್’ ಎಂಬಂತೆ ಅದು ತನ್ನ ಬಳಕೆಗೇ ಕಾಯ್ದಿರಿಸಿದ ಪದಗಳು 35 ಮಾತ್ರ. ಕನ್ನಡ ಮಾಧ್ಯಮದಲ್ಲಿ ಓದಿದವರು ಇಂಗ್ಲಿಷ್‌ಗೆ ಹೆದರಿ ಹಿಂದೆ ಸರಿಯಬೇಕಿಲ್ಲ. ಈ ಪದಗಳನ್ನು ಒಂದು ಹಾಳೆಯಲ್ಲಿ ಅರ್ಥಸಹಿತ ಬರೆದು ಗೋಡೆಗೆ ಅಂಟಿಸಿದರೆ ತಿಂಗಳೊಳಗೆ ಬಾಯಿಗೆ ಬರುತ್ತವೆ. ವಿಡಿಯೊ ವೇಗ 0.75ಕ್ಕೆ ಇಳಿಸಿ, ಸಬ್‌ಟೈಟಲ್ ಹಾಕಿಕೊಂಡು ನೋಡಿ.

ಹಾರ್ವರ್ಡ್ ವಿಶ್ವವಿದ್ಯಾಲಯದ ‘ಸಿಎಸ್50ಪಿ’ ಎಂಬ ಪೈಥಾನ್ ಕೋರ್ಸ್ ಉಚಿತ. ಅದರ ಪಾಠಗಳು 0ಯಿಂದ 9ರವರೆಗೆ ಹತ್ತು ವಾರಕ್ಕೆ ಹಂಚಿವೆ, ಆದರೆ ನಮ್ಮದೇ ವೇಗದಲ್ಲಿ ಮುಗಿಸಬಹುದು. ಕೊನೆಯದನ್ನು ಬಿಟ್ಟು ಪ್ರತಿ ಪಾಠಕ್ಕೂ ಲೆಕ್ಕಗಳಿವೆ. ಬರೆದ ಪ್ರೋಗ್ರಾಂ ಸರಿಯೇ ಎಂದು ಯಂತ್ರವೇ ಪರೀಕ್ಷಿಸಿ ಹೇಳುತ್ತದೆ. ಹೆಲ್ಸಿಂಕಿ ವಿಶ್ವವಿದ್ಯಾಲಯದ ಪೈಥಾನ್ ಕೋರ್ಸ್ 14 ಭಾಗಗಳದ್ದು, ಅದೂ ಉಚಿತ. ಅದರಲ್ಲಿ ಓದುವುದು ಮತ್ತು ಬರೆಯುವುದೇ ಮುಖ್ಯ. ಹೆಡ್‌ಫೋನ್ ಹಾಕಿ ಕೂರಲು ಆಗದ ಮನೆಯವರಿಗೆ ಇದು ಹೆಚ್ಚು ಹೊಂದುತ್ತದೆ. ವಾರವಾರ ಗಡುವಿನ ಒತ್ತಡವಿದ್ದರೆ ಮಾತ್ರ ಕಲಿಯುತ್ತೇನೆ ಎನ್ನುವವರಿಗೆ ಕೇಂದ್ರ ಸರ್ಕಾರದ ‘ಸ್ವಯಂ’ ಜಾಲತಾಣದಲ್ಲಿ ಐಐಟಿಗಳಂಥ ಸಂಸ್ಥೆಗಳು ನಡೆಸುವ ಎನ್‌ಪಿಟೆಲ್ ಕೋರ್ಸ್‌ಗಳಿವೆ, ಜನವರಿ ಮತ್ತು ಜುಲೈನಲ್ಲಿ ಆರಂಭ. ಅಲ್ಲಿ ಸಾಮಾನ್ಯವಾಗಿ ಅಸೈನ್‌ಮೆಂಟ್‌ಗೆ 25 ಅಂಕ, ಪರೀಕ್ಷೆಗೆ 75. 12 ವಾರದ ಕೋರ್ಸಿನಲ್ಲಿ ಉತ್ತಮವಾದ 8 ಅಸೈನ್‌ಮೆಂಟ್‌ಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ. ಪಾಠ ಉಚಿತ, ಶುಲ್ಕ ಕೊಡಬೇಕಾದದ್ದು ಕೇಂದ್ರಕ್ಕೆ ಹೋಗಿ ಬರೆಯುವ ಪರೀಕ್ಷೆಗೆ. ಪಾಳಿ ಬದಲಾಗುತ್ತಲೇ ಇರುವ ಆಸ್ಪತ್ರೆ, ಕಾರ್ಖಾನೆ ನೌಕರರಿಗೆ ಈ ಗಡುವುಗಳು ಹೊಂದುವುದಿಲ್ಲ. ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್‌ನ ಹಲವು ಪಾಠಗಳು ಕನ್ನಡ ಧ್ವನಿಯಲ್ಲೂ ಇವೆ. ಪರದೆಯ ಅರ್ಧದಲ್ಲಿ ಪಾಠ, ಇನ್ನರ್ಧದಲ್ಲಿ ನಿಮ್ಮ ಕೆಲಸ ಎಂಬ ಅವರ ಕ್ರಮ ಯಾವ ಕೋರ್ಸಿಗಾದರೂ ಒಳ್ಳೆಯದು.

ಇವುಗಳಲ್ಲಿ ಒಂದನ್ನು ಆರಿಸಿ, ಮುಗಿಯುವವರೆಗೆ ಬೇರೆಯದಕ್ಕೆ ಹೆಸರು ಕೊಡಬೇಡಿ. ಎರಡು ದೋಣಿಯಲ್ಲಿ ಕಾಲಿಟ್ಟರೆ ಒಂದೇ ವಿಷಯವನ್ನು ಎರಡು ಬಗೆಯ ಮಾತಿನಲ್ಲಿ ಕೇಳಿ ಗೊಂದಲವಾಗುತ್ತದೆ. ಹತ್ತು ವಾರದ ಕೋರ್ಸಿಗೆ ಕೆಲಸದಲ್ಲಿರುವವರು ಐದು ತಿಂಗಳು ಇಟ್ಟುಕೊಳ್ಳುವುದು ಸರಿಯಾದ ಅಂದಾಜು.

ಯಂತ್ರ, ಸಾಫ್ಟ್‌ವೇರ್

4 ಜಿಬಿ ರ‍್ಯಾಮ್ ಇರುವ ಹಳೆಯ ಲ್ಯಾಪ್‌ಟಾಪ್ ನಡೆಯುತ್ತದೆ. ಮೊಬೈಲಿನಲ್ಲಿ ಪಾಠ ಓದಬಹುದು, ಕೋಡ್ ಬರೆಯಲು ಮಾತ್ರ ಕೀಬೋರ್ಡ್ ಬೇಕೇ ಬೇಕು. ಮೊದಲ ತಿಂಗಳಿಗೆ ಥಾನಿ ಎಂಬ, ಕೋಡ್ ಬರೆಯುವ ಉಚಿತ ಎಡಿಟರ್ ಹಾಕಿಕೊಳ್ಳಿ. ಪೈಥಾನ್ ಅದರೊಳಗೇ ಬರುತ್ತದೆ. ವಿಂಡೋಸ್‌ನಲ್ಲಿ ಪೈಥಾನ್ ಅನ್ನೇ ನೇರವಾಗಿ ಹಾಕುವವರು ಮೊದಲ ಪರದೆಯಲ್ಲಿರುವ ‘ಆ್ಯಡ್ ಪೈಥಾನ್.ಇಎಕ್ಸ್‌ಇ ಟು ಪಾತ್’ ಚೌಕಕ್ಕೆ ಗುರುತು ಹಾಕಲು ಮರೆಯಬಾರದು. ಮರೆತರೆ ಪೈಥಾನ್ ಯಂತ್ರದಲ್ಲಿದ್ದರೂ ಕಮಾಂಡ್ ಪರದೆಗೆ ಅದು ಸಿಗುವುದಿಲ್ಲ, ಮೊದಲ ದಿನವೇ ಕೈಬಿಡುವಂತಾಗುತ್ತದೆ. ಕಚೇರಿಯ ಲ್ಯಾಪ್‌ಟಾಪ್‌ನಲ್ಲಿ ಅನುಮತಿಯಿಲ್ಲದೆ ಏನನ್ನೂ ಹಾಕಬೇಡಿ.

ಹಾಲಿನ ಲೆಕ್ಕದಲ್ಲಿ ಕಲಿಯುವುದು

ಕೋರ್ಸಿನ ಮೂರನೇ ಪಾಠದ ಹೊತ್ತಿಗೆ ನಿಮಗೆ ಗೊತ್ತಿರುವ ಲೋಕದ ಒಂದು ಲೆಕ್ಕವನ್ನು ಜೊತೆಗಿಟ್ಟುಕೊಳ್ಳಿ. ಹಾಲಿನ ಸಂಘದ ಲೆಕ್ಕವನ್ನೇ ನೋಡೋಣ. ಬೆಳಿಗ್ಗೆ ಎಷ್ಟು ಲೀಟರ್, ಸಂಜೆ ಎಷ್ಟು ಎಂದು ಕೇಳಿ ಕೂಡಿಸುವ ನಾಲ್ಕು ಸಾಲು ಬರೆದು 5 ಮತ್ತು 3 ಕೊಟ್ಟರೆ ಉತ್ತರ 53 ಎಂದು ಬರುತ್ತದೆ. ಯಂತ್ರದ ತಪ್ಪಲ್ಲ. ‘ಇನ್‌ಪುಟ್’ ಎಂಬ, ಕೀಬೋರ್ಡಿನಲ್ಲಿ ಒತ್ತಿದ್ದನ್ನು ಪಡೆಯುವ ಆದೇಶ ತರುವುದು ಅಕ್ಷರಗಳನ್ನು, ಸಂಖ್ಯೆಗಳನ್ನಲ್ಲ. 5ರ ಪಕ್ಕಕ್ಕೆ 3 ಅಂಟಿಕೊಂಡಿದೆ. ‘ಇಂಟ್’ ಹಾಕಿ ಸಂಖ್ಯೆಯಾಗಿಸಿದರೆ 8 ಬರುತ್ತದೆ. ಅದೇ ಪ್ರೋಗ್ರಾಂಗೆ 4.5 ಕೊಟ್ಟರೆ ‘ವ್ಯಾಲ್ಯೂಎರರ್’ ಎಂದು ನಿಲ್ಲುತ್ತದೆ, ಏಕೆಂದರೆ ‘ಇಂಟ್’ಗೆ ದಶಮಾಂಶವಿರುವ ಬರಹ ಓದಲು ಬಾರದು. ದಶಮಾಂಶವನ್ನೂ ಓದುವ ‘ಫ್ಲೋಟ್’ ಹಾಕಿದರೆ ನಡೆಯುತ್ತದೆ, ಆದರೆ ಹಣದ ಲೆಕ್ಕಕ್ಕೆ ಅದೂ ಆಗದು: 0.1ಕ್ಕೆ 0.2 ಕೂಡಿಸಿದರೆ 0.30000000000000004 ಎಂದು ತೋರಿಸುತ್ತದೆ. ಯಂತ್ರ ಸಂಖ್ಯೆಗಳನ್ನು ಎರಡರ ಘಾತಗಳಲ್ಲಿ ಇಡುವುದರಿಂದ ಹತ್ತನೇ ಒಂದು ಭಾಗ ಅಲ್ಲಿ ಸರಿಯಾಗಿ ಕೂರುವುದಿಲ್ಲ. ಹಣಕ್ಕೆ ಪೈಥಾನ್ ಜೊತೆಗೇ ಬರುವ ‘ಡೆಸಿಮಲ್’ ಬಳಸಿ, ಸಂಖ್ಯೆಯನ್ನು ಉದ್ಧರಣ ಚಿಹ್ನೆಯೊಳಗೆ ಕೊಡಿ. ಲೆಕ್ಕಪತ್ರದವರು ಇನ್ನೊಂದನ್ನು ಗಮನಿಸಬೇಕು: ಪೈಥಾನ್‌ನ ‘ರೌಂಡ್’ 2.5 ಅನ್ನು 2 ಮಾಡುತ್ತದೆ, 3.5 ಅನ್ನು 4 ಮಾಡುತ್ತದೆ. ನಡುವೆ ಬಂದದ್ದನ್ನು ಸಮಸಂಖ್ಯೆಯತ್ತ ತಳ್ಳುವುದು ಅದರ ನಿಯಮ.

ಒಬ್ಬ ಸದಸ್ಯರ ಲೆಕ್ಕ ಸರಿಹೋದ ಮೇಲೆ ಹತ್ತು ಜನರದ್ದು, ಆಮೇಲೆ ಅಂಕಣಗಳ ನಡುವೆ ಅಲ್ಪವಿರಾಮ ಹಾಕಿದ ಸರಳ ಬರಹವಾದ ಸಿಎಸ್‌ವಿ ಫೈಲಿನಿಂದ ಓದಿ ತಿಂಗಳ ಬಿಲ್ಲು. ಇಲ್ಲಿ ಕನ್ನಡದ ಹೆಸರುಗಳು ಬಂದಾಗ ಹಲವರು ಎಡವುತ್ತಾರೆ. ವಿಂಡೋಸ್‌ನಲ್ಲಿ ಫೈಲ್ ತೆರೆಯುವಾಗ ಎನ್‌ಕೋಡಿಂಗ್ (ಅಕ್ಷರಗಳನ್ನು ಫೈಲಿನಲ್ಲಿ ಇಡುವ ಪದ್ಧತಿ) ಯುಟಿಎಫ್-8 ಎಂದು ಹೇಳದಿದ್ದರೆ ಪೈಥಾನ್ ಹಳೆಯ ಪದ್ಧತಿಯಲ್ಲಿ ಓದಲು ಹೋಗಿ ‘ಯೂನಿಕೋಡ್ ಡಿಕೋಡ್ ಎರರ್’ ಕೊಡುತ್ತದೆ, ಇಲ್ಲವೇ ಹೆಸರಿನ ಬದಲು ಅರ್ಥವಿಲ್ಲದ ಚಿಹ್ನೆಗಳು ಬರುತ್ತವೆ. ಬರೆದ ಫೈಲನ್ನು ಎಕ್ಸೆಲ್‌ನಲ್ಲಿ ತೆರೆಯುವುದಿದ್ದರೆ ಎನ್‌ಕೋಡಿಂಗ್ ‘ಯುಟಿಎಫ್-8-ಸಿಗ್’ ಎಂದು ಕೊಡಿ. ಸಾಲಿಗೊಂದು ಖಾಲಿ ಸಾಲು ಬರುತ್ತಿದ್ದರೆ ಫೈಲ್ ತೆರೆಯುವಲ್ಲಿ ‘ನ್ಯೂಲೈನ್’ಗೆ ಖಾಲಿ ಉದ್ಧರಣ ಕೊಡುವುದು ಬಿಟ್ಟುಹೋಗಿದೆ. ಇನ್ನು, ‘ಕನ್ನಡ’ ಎಂಬ ಪದದ ಉದ್ದ ಕೇಳಿದರೆ ಪೈಥಾನ್ 5 ಎನ್ನುತ್ತದೆ. ನಮ್ಮ ಕಣ್ಣಿಗೆ ಮೂರೇ ಅಕ್ಷರ. ಅದು ಎಣಿಸುವುದು ಕ, ನ, ಹಲಂತ ಚಿಹ್ನೆ (್), ಮತ್ತೊಂದು ನ, ಡ. ಉದ್ದ ನೋಡಿ ಹೆಸರಿನ ಮುಂದೆ ಖಾಲಿ ಜಾಗ ತುಂಬಿಸಿದ ಬಿಲ್ಲಿನ ಅಂಕಣಗಳು ಓರೆಯಾಗುವುದು ಇದಕ್ಕೇ. ಇಂಗ್ಲಿಷ್ ಉದಾಹರಣೆಗಳ ಕೋರ್ಸ್‌ಗಳಲ್ಲಿ ಇದು ಸಾಮಾನ್ಯವಾಗಿ ಬರುವುದೇ ಇಲ್ಲ, ಕನ್ನಡದ ಕೆಲಸ ಮಾಡುವವರಿಗೆ ಮಾತ್ರ ಮೊದಲ ವಾರದಿಂದಲೇ ಬೇಕು.

ಕೆಂಪಕ್ಷರ ಬಂದಾಗ

ದೋಷದ ಸಂದೇಶವನ್ನು ಕೆಳಗಿನಿಂದ ಮೇಲಕ್ಕೆ ಓದಿ. ಕೊನೆಯ ಸಾಲಿನಲ್ಲಿ ಏನಾಯಿತು ಎಂಬುದಿರುತ್ತದೆ, ಅದರ ಮೇಲೆ ಎಲ್ಲಿ ಎಂಬುದು. ‘ನೇಮ್‌ಎರರ್’ ಎಂದರೆ ಬಹುತೇಕ ಕಾಗುಣಿತ ತಪ್ಪು. ‘ಇಂಡೆಂಟೇಷನ್‌ಎರರ್’ ಎಂದರೆ ಸಾಲಿನ ಆರಂಭದ ಖಾಲಿ ಜಾಗ ಹೊಂದಿಲ್ಲ. ಎಲ್ಲೆಡೆ ನಾಲ್ಕು ಸ್ಪೇಸ್ ಇರಲಿ. ಕಣ್ಣಿಗೆ ಬೀಳದ ದೋಷ ಇನ್ನೊಂದಿದೆ: ಅಭ್ಯಾಸದ ಫೈಲಿಗೆ ‘ಸಿಎಸ್‌ವಿ’ ಅಥವಾ ‘ರ‍್ಯಾಂಡಮ್’ ಎಂದೇ ಹೆಸರಿಡುವುದು. ಆಗ ಪೈಥಾನ್ ತನ್ನ ಜೊತೆಗೆ ಬರುವ ಅದೇ ಹೆಸರಿನ ಸಿದ್ಧ ಕೋಡನ್ನು (ಮಾಡ್ಯೂಲ್) ಬಿಟ್ಟು ನಿಮ್ಮ ಫೈಲನ್ನೇ ಎತ್ತಿಕೊಂಡು, ಅದರಲ್ಲಿ ಬೇಕಾದದ್ದು ಇಲ್ಲ ಎನ್ನುತ್ತದೆ. ಹೆಸರು ಬದಲಿಸಿದರೆ ಸರಿಹೋಗುತ್ತದೆ.

ಚಾಟ್‌ಜಿಪಿಟಿಯಂಥ ಸಾಧನಗಳನ್ನು ಅರ್ಧ ತಾಸು ನೀವೇ ಹೆಣಗಿದ ಮೇಲೆ ಕೇಳಿ. ಉತ್ತರ ಬೇಡ, ದೋಷ ಯಾವ ಸಾಲಿನಲ್ಲಿದೆ ಎಂಬ ಸುಳಿವು ಮಾತ್ರ ಕೊಡು ಎಂದು ಹೇಳಿ. ನಕಲು ಮಾಡಿ ಅಂಟಿಸಿದ ಕೋಡ್ ಓಡುತ್ತದೆ, ಕಲಿಕೆ ಅಲ್ಲೇ ನಿಲ್ಲುತ್ತದೆ. ಸಿಎಸ್50ಪಿಯಂಥ ಕೋರ್ಸ್‌ಗಳಲ್ಲಿ ಹಾಗೆ ಉತ್ತರ ಬರೆಸಿಕೊಳ್ಳುವುದು ನಿಯಮಬಾಹಿರವೂ ಹೌದು.

ಹಣ ಕೊಡುವ ಮುನ್ನ

ನೌಕರಿ ಗ್ಯಾರಂಟಿ ಎಂದು ಲಕ್ಷಗಟ್ಟಲೆ ಕೇಳುವ ತರಬೇತಿಗಳಲ್ಲಿ ‘ಕಂತು’ ಎಂದು ಹೇಳುವುದು ಹಲವು ಸಲ ನಿಮ್ಮ ಹೆಸರಿನಲ್ಲಿ ತೆಗೆಯುವ ಸಾಲ. ತರಗತಿ ಬಿಟ್ಟರೂ ಸಾಲ ಬಿಡುವುದಿಲ್ಲ. ಸಹಿಗೆ ಮೊದಲು ಸಾಲ ಕೊಡುವ ಸಂಸ್ಥೆ ಯಾವುದು, ಎಷ್ಟು ದಿನದೊಳಗೆ ಬಿಟ್ಟರೆ ಹಣ ವಾಪಸು, ಗ್ಯಾರಂಟಿಗೆ ಇರುವ ಷರತ್ತುಗಳೇನು ಎಂಬುದನ್ನು ಬರಹದಲ್ಲಿ ಪಡೆಯಿರಿ. ಒಂದು ಉಚಿತ ಕೋರ್ಸನ್ನು ಪೂರ್ತಿ ಮುಗಿಸುವವರೆಗೆ ಇಂಥದ್ದಕ್ಕೆ ಒಂದು ರೂಪಾಯಿಯನ್ನೂ ಕೊಡಬಾರದು ಎಂಬುದು ನಮ್ಮ ಸ್ಪಷ್ಟ ಸಲಹೆ.

ಪ್ರಮಾಣಪತ್ರಕ್ಕಿಂತ ಓಡುವ ಪ್ರೋಗ್ರಾಂಗೆ ಬೆಲೆ ಹೆಚ್ಚು. ಹಾಲಿನ ಬಿಲ್ಲಿನ ಪ್ರೋಗ್ರಾಂ ಅನ್ನು ಕೋಡ್ ಇಟ್ಟು ಹಂಚಿಕೊಳ್ಳುವ ಜಾಲತಾಣವಾದ ಗಿಟ್‌ಹಬ್‌ನಲ್ಲಿ ಹಾಕಿ. ಸದಸ್ಯರ ನಿಜವಾದ ಹೆಸರು, ಖಾತೆ ಸಂಖ್ಯೆ, ಪಾಸ್‌ವರ್ಡ್ ಯಾವುದೂ ಅದರಲ್ಲಿರಬಾರದು. ಒಮ್ಮೆ ಏರಿಸಿದ್ದನ್ನು ಅಳಿಸಿದರೂ ಹಳೆಯ ಆವೃತ್ತಿಯಲ್ಲಿ ಅದು ಉಳಿದಿರುತ್ತದೆ. ಮುಂದಿನ ವಿಷಯ, ಮಾಹಿತಿಯ ಕೋಷ್ಟಕಗಳಿಂದ ಬೇಕಾದದ್ದನ್ನು ತೆಗೆಯುವ ಭಾಷೆಯಾದ ಎಸ್‌ಕ್ಯೂಎಲ್. ಅದಕ್ಕೆ ಬೇಕಾದ ಪುಟ್ಟ ಡೇಟಾಬೇಸ್ ಎಸ್‌ಕ್ಯೂಲೈಟ್ ಪೈಥಾನ್ ಜೊತೆಗೇ ಬರುತ್ತದೆ: ಇದೇ ಸಿಎಸ್‌ವಿಯನ್ನು ಸದಸ್ಯರದ್ದೊಂದು, ದಿನದ ಹಾಲಿನದ್ದೊಂದು ಎಂದು ಎರಡು ಕೋಷ್ಟಕಗಳಾಗಿ ಒಡೆದು, ಸದಸ್ಯ ಸಂಖ್ಯೆಯಿಂದ ಜೋಡಿಸುವುದರಿಂದ ಶುರುಮಾಡಿ.