ಹೆಬ್ಬೆರಳು ಊದಿದಾಗ ಮ್ಯಾಗಜಿನ್ ತುಂಬಿಸಿದ್ದು

ನಾನು ಬೆಂಗಳೂರಿನ ಆಸ್ಟಿನ್ ಟೌನ್ ಕಡೆಯವನು, ನಮ್ಮ ಏರಿಯಾದಲ್ಲಿ ಮೊದಲಿಂದ್ಲೂ ಕ್ರಿಕೆಟ್‌ಗಿಂತ ಫುಟ್‌ಬಾಲ್ ಹುಚ್ಚೇ ಜಾಸ್ತಿ, ಹಾಗಾಗಿ 1990ರ ದಶಕದ ಶುರುವಲ್ಲಿ ಖಡಕ್‌ವಾಸ್ಲಾದ ಎನ್‌ಡಿಎಗೆ (ಸೇನೆಗೆ ಆಫೀಸರ್ ಆಗೋರನ್ನ ತಯಾರು ಮಾಡೋ ನ್ಯಾಷನಲ್ ಡಿಫೆನ್ಸ್ ಅಕಾಡೆಮಿ) ಹೋದಾಗ ನನ್ನ ಸ್ಕ್ವಾಡ್ರನ್, ಅಂದ್ರೆ ಒಟ್ಟಿಗಿರೋ ಕೆಡೆಟ್‌ಗಳ ಗುಂಪಿನ, ಟೀಮಲ್ಲಿ ಗೋಲ್‌ಕೀಪರ್ ಜಾಗ ಬೇಗನೇ ಸಿಕ್ತು. ಅಲ್ಲಿ ಮೂರು ವರ್ಷ, ಆರು ಟರ್ಮ್. ಇಂಟರ್ ಸ್ಕ್ವಾಡ್ರನ್ ಫುಟ್‌ಬಾಲ್ ಅಂದ್ರೆ ಇಡೀ ಸ್ಕ್ವಾಡ್ರನ್ ಲೈನ್ ಹೊರಗೆ ನಿಂತು ಗಂಟಲು ಹರ್ಕೊಳ್ಳತ್ತೆ, ಸೋತ್ರೆ ರಾತ್ರಿ ಮೆಸ್‌ನಲ್ಲಿ ತಲೆ ಎತ್ತಕ್ಕಾಗಲ್ಲ.

ಸೆಮಿಫೈನಲ್ ಕೊನೇ ಹತ್ತು ನಿಮಿಷ, ನಾವು 1-0 ಮುಂದೆ. ಬಾಕ್ಸ್ ಅಂಚಿಂದ ಎದೆ ಎತ್ತರಕ್ಕೆ ಬಂದ ಶಾಟ್. ಅದನ್ನ ಎರಡೂ ಹೆಬ್ಬೆರಳು ಹತ್ರ ಹತ್ರ ಇಟ್ಟು, ಬಾಲ್ ಹಿಂದೆ ಕೈ ಕೊಟ್ಟು ಹಿಡೀಬೇಕಿತ್ತು, ನಾನು ಕೈ ಅಗಲಿಸ್ಕೊಂಡೇ ಹೋದೆ. ಬಾಲ್ ಏನೋ ನಿಲ್ತು, ಬಲಗೈ ಹೆಬ್ಬೆರಳು ಮಾತ್ರ ಹಿಂದಕ್ಕೆ ಮಡಚ್ಕೊಂಡು ರಾತ್ರಿ ಹೊತ್ತಿಗೆ ಬದನೆಕಾಯಿ ತರ ಊದ್ಕೊಂಡಿತ್ತು.

ಮಾರನೇ ದಿನ ಬೆಳಿಗ್ಗೆ ರೇಂಜ್‌ನಲ್ಲಿ ಫೈರಿಂಗ್. ಆಗ ನಮ್ಮ ಕೈಗೆ ಕೊಡ್ತಿದ್ದಿದ್ದು 7.62 ಎಂಎಂ ಎಸ್‌ಎಲ್‌ಆರ್ (ಸೆಲ್ಫ್ ಲೋಡಿಂಗ್ ರೈಫಲ್), ಬೆಲ್ಜಿಯಂ ಡಿಸೈನ್ ಇಟ್ಕೊಂಡು ಇಛಾಪುರದ ಫ್ಯಾಕ್ಟರಿಲಿ ಮಾಡಿದ್ದು, ನಾಲ್ಕು ಕಿಲೋ ಮೇಲೇ ತೂಕ. ಟ್ರಿಗರ್ ಒಂದ್ಸಲ ಎಳೆದ್ರೆ ಒಂದೇ ಗುಂಡು, ಗ್ಯಾಸ್ ಪ್ರೆಶರ್‌ಗೆ ಖಾಲಿ ಕೇಸ್ ಹೊರಗೆ ಹಾರಿ ಮುಂದಿನದು ತಾನಾಗೇ ಚೇಂಬರ್‌ಗೆ ಹೋಗತ್ತೆ. ಎನ್‌ಸಿಸಿಲಿ ಪಾಯಿಂಟ್ 22 ರೈಫಲ್‌ಗೆ ಒಂದೊಂದೇ ಗುಂಡು ಹಾಕಿ ಬೋಲ್ಟ್ ತಳ್ಳಿ ಅಭ್ಯಾಸ ಆಗಿದ್ದ ನನಗೆ ಗುಂಡು ತುಂಬೋ ಮ್ಯಾಗಜಿನ್ ಅನ್ನೋದು ಬರೀ ತಗಡಿನ ಡಬ್ಬಿ ಅನ್ನಿಸ್ತಿತ್ತು. ಡಬ್ಬಿ, ಸ್ಪ್ರಿಂಗು, ಸ್ಪ್ರಿಂಗ್ ಮೇಲೆ ಪ್ಲಾಟ್‌ಫಾರ್ಮು, ಕೆಳಗೆ ಬಾಟಮ್ ಪ್ಲೇಟು, 20 ಗುಂಡು ಹಿಡಿಯತ್ತೆ, ಅಷ್ಟೇ ಅಂತ.

ಅವತ್ತು ನಮಗೆ ಹತ್ತತ್ತೇ ಗುಂಡು. ಒಂದೊಂದನ್ನೂ ಹೆಬ್ಬೆರಳಲ್ಲಿ ಕೆಳಕ್ಕೆ ಒತ್ತಿ ಹಿಂದಕ್ಕೆ ಸರಿಸ್ಬೇಕು, ತುಂಬ್ತಾ ತುಂಬ್ತಾ ಸ್ಪ್ರಿಂಗ್ ಬಿಗಿ ಆಗತ್ತೆ. ಬಲಗೈ ಆಗ್ಲಿಲ್ಲ ಅಂತ ಎಡಗೈಲಿ ಹೇಗೋ ತುರುಕಿದೆ. ಮ್ಯಾಗಜಿನ್ ಮುಂದಿನ ಕೊಕ್ಕೆ ಮೊದಲು ಸಿಕ್ಕಿಸಿ ಆಮೇಲೆ ಹಿಂದಕ್ಕೆ ಎಳೆದು ಟಕ್ ಅನ್ನಿಸ್ಬೇಕು, ನನಗೆ ಆ ಟಕ್ ಕೇಳಿಸ್ಲಿಲ್ಲ, ಆದ್ರೂ ಹೂಡ್ಬಿಟ್ಟೆ. ಮೊದಲನೇ ಗುಂಡು ಹೋಯ್ತು. ಎರಡನೇ ಸಲ ಎಳೆದ್ರೆ ಬರೀ ಕಟ್ ಅಂತು.

ಬ್ಯಾರಲ್ ಟಾರ್ಗೆಟ್ ಕಡೆನೇ ಇಟ್ಕೊಂಡು ಕೈ ಎತ್ತಿದೆ. ಉಸ್ತಾದ್, ಅಂದ್ರೆ ನಮಗೆ ಫೈರಿಂಗ್ ಕಲಿಸೋರು, ಬಂದು ಪಕ್ಕದಲ್ಲಿ ಮಲಗಿ ನೋಡಿದ್ರು. ಮ್ಯಾಗಜಿನ್ ಹಿಡ್ಕೊಳ್ಳೋ ಕ್ಯಾಚ್ ಕೂತಿರ್ಲಿಲ್ಲ, ಮೊದಲ ಏಟಿಗೇ ಮ್ಯಾಗಜಿನ್ ಹಿಂದಿನ ತುದಿ ಕೆಳಗೆ ಜಾರಿತ್ತು, ಬೋಲ್ಟ್ ಗುಂಡನ್ನ ಹಿಡೀದೇ ಮೇಲಿಂದ ಹಾದು ಹೋಗಿತ್ತು, ಚೇಂಬರ್ ಖಾಲಿ. ರೈಫಲ್ ಖಾಲಿ ಮಾಡಿಸಿ ನನ್ನ ಹಿಂದಕ್ಕೆ ಕರ್ಕೊಂಡು ಹೋದ್ರು. ಬೈತಾರೆ ಅನ್ಕೊಂಡೆ, ಬೆರಳು ನೋಡಿ ಅಂದ್ರು, "ಅಂಗೂಠಾ ನಹೀ ತೋ ಹಥೇಲಿ." ಹೆಬ್ಬೆರಳು ಇಲ್ದಿದ್ರೆ ಅಂಗೈ. ಮ್ಯಾಗಜಿನ್ ತೊಡೆ ಮೇಲೆ ನೆಟ್ಟಗೆ ನಿಲ್ಲಿಸ್ಕೊಂಡು, ಗುಂಡನ್ನ ಅದರ ತುಟಿ (ಮೇಲಿನ ಬಾಯಿಯ ಮಡಚಿದ ಅಂಚು) ಮೇಲಿಟ್ಟು, ಅಂಗೈ ಬುಡದಲ್ಲಿ ಒತ್ತಿ ಹಿಂದಕ್ಕೆ ಜಾರಿಸೋದು ತೋರಿಸಿದ್ರು. ಎಲ್ಲಾ ತುಂಬಿಸಿದ ಮೇಲೆ ಮ್ಯಾಗಜಿನ್ ಬೆನ್ನನ್ನ ಅಂಗೈಗೆ ಎರಡು ಸಲ ತಟ್ಟಬೇಕು, ಆಗ ಗುಂಡುಗಳ ಬುಡ ಎಲ್ಲಾ ಹಿಂದಿನ ಗೋಡೆಗೆ ಸರಿಯಾಗಿ ಕೂರತ್ತೆ. ತುಟಿ ಮೇಲೆ ಬೆರಳಾಡಿಸಿ ಎಲ್ಲಾದ್ರೂ ತಗ್ಗು ಬಿದ್ದಿದ್ಯಾ ನೋಡ್ಬೇಕು. ಹಾಕಿದ ಮೇಲೆ ಕೆಳಕ್ಕೆ ಒಂದ್ಸಲ ಎಳೆದು ನೋಡ್ಬೇಕು, ಕಿವಿ ಒಂದನ್ನೇ ನಂಬ್ಬಾರದು. ಉಳಿದ ಒಂಬತ್ತೂ ಅವತ್ತು ತಡೆ ಇಲ್ದೆ ಹೋದ್ವು.

ಫೈರಿಂಗ್ ಮುಗಿದ ಮೇಲೆ ಖೋಖಾ, ಅಂದ್ರೆ ಖಾಲಿ ಕೇಸ್, ಎಣಿಸಿದ್ರೆ ಒಂದು ಕಮ್ಮಿ. ಇಡೀ ಡೀಟೇಲ್, ಅಂದ್ರೆ ಒಟ್ಟಿಗೆ ಫೈರ್ ಮಾಡಿದ ಗುಂಪು, ಸಾಲಾಗಿ ಮೊಣಕಾಲೂರಿ ಹುಲ್ಲು ಸವರ್ತಾ ಹುಡುಕಿದ್ವಿ, ಕೊನೆಗೆ ನನ್ನ ಬಲಪಕ್ಕದವನ ಗ್ರೌಂಡ್‌ಶೀಟ್ ಮಡಿಕೆಲಿ ಸಿಕ್ತು, ನನ್ನ ಆ ಮೊದಲನೇ ಗುಂಡಿಂದೇ ಇರ್ಬೇಕು.

ಫೈನಲ್‌ಗೆ ನಾನು ಗೋಲಿಗೆ ನಿಲ್ಲಲಿಲ್ಲ. ಆಡ್ತೀನಿ ಅಂತ ಹಠ ಮಾಡಬಹುದಿತ್ತು, ಆದ್ರೆ ಬಾಲ್ ಹಿಡಿಯಕ್ಕೆ ಅಂಗೈ ಬುಡ ಸಾಕಾಗಲ್ಲ. ಜೂನಿಯರ್ ಒಬ್ಬನನ್ನ ಹಿಂದಿನ ಸಂಜೆ ಸ್ಕ್ವಾಡ್ರನ್ ಹಿಂದೆ ನಿಲ್ಲಿಸ್ಕೊಂಡು, ಎದೆ ಎತ್ತರಕ್ಕೆ ಬಾಲ್ ಎಸೀತಾ, ಹೆಬ್ಬೆರಳು ಹತ್ರ, ಇನ್ನೂ ಹತ್ರ ಅಂತ ಕತ್ತಲಾಗೋವರೆಗೂ ಹೇಳ್ಕೊಟ್ಟೆ.