ಮದುವೆ ಮನೆಗೆ ಬುತ್ತಿ ಬೇಡ: ದೊಡ್ಡ ಜಾವಾ ಪ್ರಾಜೆಕ್ಟಿನಲ್ಲಿ ಮೇವನ್ ಬಳಸೋದು ಹೇಗೆ

ವೈಟ್‌ಫೀಲ್ಡ್ ಕಡೆ ಕೆಲಸಕ್ಕೆ ಸೇರಿ ಮೂರೇ ವಾರ ಆಗಿತ್ತು, ನನ್ನ ಮೊದಲ ರಿಲೀಸ್. ಕೋಡನ್ನು ಬೇಕಾದ ಲೈಬ್ರರಿಗಳ ಜೊತೆ ಕಟ್ಟಿಕೊಡುವ ಟೂಲ್ ಮೇವನ್. ನನ್ನ ಲ್ಯಾಪ್‌ಟಾಪಿನಲ್ಲಿ ಅದರ ಬಿಲ್ಡ್ ಸಕ್ಸೆಸ್, ಟೆಸ್ಟ್ ಎಲ್ಲ ಪಾಸ್. ಸರ್ವರಿಗೆ ಹಾಕಿದ್ದೇ ತಡ, ನೋಸಚ್‌ಮೆಥಡ್‌ಎರರ್, ಅಂದರೆ ಕರೆದ ಮೆಥಡ್ಡೇ ಇಲ್ಲ ಅನ್ನೋ ಗೋಳು. ಕೋಡ್ ಓದಿದೆ, ಮತ್ತೆ ಓದಿದೆ, ಕೊನೆ ಮೆಟ್ರೋನೂ ಹೋಯ್ತು. ಸೀನಿಯರ್ ಒಬ್ಬರು ಬಂದು "ವಾರ್ ಫೈಲ್ ಬಿಚ್ಚಿ ನೋಡಿದ್ಯೇನೋ?" ಅಂದರು. ಇಲ್ಲ. ವಾರ್ ಅಂದರೆ ಸರ್ವರಿಗೆ ಹಾಕುವ ವೆಬ್ ಆಪಿನ ಗಂಟು, ಲೈಬ್ರರಿಗಳು ಅದರೊಳಗೆ ಜಾರ್ ಫೈಲುಗಳಾಗಿ ಇರುತ್ತವೆ. 'ಜಾರ್ ಟಿಎಫ್' ಅಂತ ಹೊಡೆದು ವೆಬ್-ಇನ್ಫ್ ಒಳಗಿನ ಲಿಬ್ ಫೋಲ್ಡರಿನ ಪಟ್ಟಿ ನೋಡಿದರೆ, ಅಲ್ಲಿ ವ್ಯಾಲಿಡೇಶನ್ ಎಪಿಐ ಅನ್ನೋ ಲೈಬ್ರರಿಯ 1.0 ತಣ್ಣಗೆ ಕೂತಿತ್ತು. ಸರ್ವರ್ ಒಳಗೆ ಇದ್ದದ್ದು 1.1, ಎರಡಕ್ಕೂ ಜಗಳ.

ಅವತ್ತು ಗೊತ್ತಾಗಿದ್ದು ಇಷ್ಟು. ದೊಡ್ಡ ಪ್ರಾಜೆಕ್ಟಿನಲ್ಲಿ ಮೊದಲು ಕೇಳಬೇಕಾದ ಪ್ರಶ್ನೆ: ಈ ಜಾರ್ ತರೋದು ಯಾರು, ನಾವಾ, ಸರ್ವರಾ?

ಜಕಾರ್ತಾ ಇಇ ಅಂದರೆ ಕಂಪನಿ ಆಪುಗಳಿಗೆ ಬೇಕಾದ ಜಾವಾ ಎಪಿಐಗಳ ಸ್ಟ್ಯಾಂಡರ್ಡ್ ಕಂತೆ. ವೈಲ್ಡ್‌ಫ್ಲೈ ಥರದ ಪೂರ್ತಿ ಜಕಾರ್ತಾ ಇಇ ಸರ್ವರ್ ಅಂದರೆ ಮದುವೆ ಊಟ. ಎಲೆ ಹಾಕಿ ಅವರೇ ಎಲ್ಲ ಬಡಿಸುತ್ತಾರೆ, ನೀವು ಬುತ್ತಿ ಕಟ್ಟಿಕೊಂಡು ಹೋಗಬಾರದು. ಹಾಗಾಗಿ ಪಾಮ್ ಫೈಲಿನಲ್ಲಿ (ಪ್ರಾಜೆಕ್ಟಿನ ವಿವರವನ್ನು ಮೇವನ್‌ಗೆ ಹೇಳುವ ಫೈಲ್) ಜಕಾರ್ತಾ ಇಇ ಎಪಿಐ ಡಿಪೆಂಡೆನ್ಸಿಗೆ, ಅಂದರೆ ನಮ್ಮ ಕೋಡಿಗೆ ಬೇಕಾದ ಆ ಲೈಬ್ರರಿಗೆ, ಸ್ಕೋಪ್ 'ಪ್ರೊವೈಡೆಡ್' ಅಂತ ಬರೆಯಿರಿ. ಕಂಪೈಲ್ ಮಾಡುವಾಗ ಸಿಗುತ್ತದೆ, ವಾರ್ ಒಳಗೆ ಹೋಗುವುದಿಲ್ಲ. ಟಾಮ್‌ಕ್ಯಾಟ್ ಆದರೆ ದರ್ಶಿನಿ ಇದ್ದಂತೆ. ಸರ್ವ್‌ಲೆಟ್, ಜೆಎಸ್‌ಪಿ, ವೆಬ್‌ಸಾಕೆಟ್ ಇಂಥವು ಸಿಗುತ್ತವೆ, ಡೇಟಾಬೇಸ್ ಕೆಲಸದ ಜೆಪಿಎ ಬೇಕಾದರೆ ನೀವೇ ತರಬೇಕು. ಯಾರದೋ ಪಾಮ್ ಕಾಪಿ ಹೊಡೆದು ಎಲ್ಲಕ್ಕೂ ಸುಮ್ನೆ ಪ್ರೊವೈಡೆಡ್ ಹಾಕಿದರೆ ಈ ಸಲ ಕ್ಲಾಸೇ ಸಿಗಲ್ಲ ಅಂತ ಕೂಗುತ್ತದೆ. ಇನ್ನೊಂದು ಮಾತು, 2020ರ ಜಕಾರ್ತಾ ಇಇ 9ರಲ್ಲಿ ಪ್ಯಾಕೇಜ್ ಹೆಸರು 'ಜಾವಾಎಕ್ಸ್' ಹೋಗಿ 'ಜಕಾರ್ತಾ' ಆಯಿತು. ಟಾಮ್‌ಕ್ಯಾಟ್ 9 ಹಳೇ ಹೆಸರಿನದು, 10 ಹೊಸದರದು. ಸರ್ವರ್ ಯಾವುದು ಅಂತ ನೋಡದೆ ಎಪಿಐ ವರ್ಷನ್ ಬದಲಿಸಬೇಡಿ.

ಈಗ ಪ್ರಾಜೆಕ್ಟ್ ಜೋಡಿಸೋದು. ಎಲ್ಲಕ್ಕಿಂತ ಮೇಲೆ ಒಂದು ಪೇರೆಂಟ್ ಪಾಮ್, ಅದರ ಪ್ಯಾಕೇಜಿಂಗ್ 'ಪಾಮ್'. ಅದರ ಕೆಳಗೆ ಮಾಡ್ಯೂಲುಗಳು: ಬಿಸಿನೆಸ್ ಲಾಜಿಕ್ ಇರುವ ಕೋರ್ ಜಾರ್ ಆಗುತ್ತದೆ, ವೆಬ್ ವಾರ್ ಆಗುತ್ತದೆ. ಮಾಡ್ಯೂಲುಗಳನ್ನು ಯಾವ ಸಾಲಿನಲ್ಲಿ ಬರೆದರೂ ಪರವಾಗಿಲ್ಲ, ಯಾವುದಕ್ಕೆ ಯಾವುದು ಬೇಕು ಅಂತ ನೋಡಿ ಮೇವನ್ ತಾನೇ ಕ್ರಮ ಹಾಕಿಕೊಳ್ಳುತ್ತದೆ. ವರ್ಷನ್ ನಂಬರ್ ಮಾತ್ರ ಒಂದೇ ಕಡೆ ಇರಲಿ, ಪೇರೆಂಟಿನ 'ಡಿಪೆಂಡೆನ್ಸಿ ಮ್ಯಾನೇಜ್‌ಮೆಂಟ್' ಭಾಗದಲ್ಲಿ. ಮಕ್ಕಳು ಹೆಸರಷ್ಟೇ ಬರೆಯಲಿ. ಒಂದು ಮಾಡ್ಯೂಲಿನವರು 'ನಮಗೆ ಮಾತ್ರ ಹೊಸ ವರ್ಷನ್' ಅಂತ ಶುರು ಮಾಡಿದರೆ ಮುಗೀತು.

ಯಾಕೆ ಅಂತೀರಾ? ಒಂದೇ ಲೈಬ್ರರಿಯ ಎರಡು ವರ್ಷನ್ ಎರಡು ದಾರಿಯಲ್ಲಿ ಬಂದರೆ ಮೇವನ್ ಹೊಸದನ್ನು ಆರಿಸುವುದಿಲ್ಲ. ನಿಮ್ಮ ಪಾಮಿಗೆ ಹತ್ತಿರ ಇರುವುದನ್ನು ಆರಿಸುತ್ತದೆ. ಎರಡೂ ಅಷ್ಟೇ ದೂರದಲ್ಲಿದ್ದರೆ ಮೊದಲು ಬರೆದದ್ದು ಗೆಲ್ಲುತ್ತದೆ. ಅಂದರೆ ಚೆಂದ ಕಾಣಲಿ ಅಂತ ಡಿಪೆಂಡೆನ್ಸಿ ಸಾಲುಗಳನ್ನು ಮೇಲೆ ಕೆಳಗೆ ಮಾಡಿದರೂ ಆಪ್ ಕೆಡಬಹುದು, ನಾನು ಕೆಡಿಸಿದ್ದೇನೆ. ಅನುಮಾನ ಬಂದಾಗ 'ಎಂವಿಎನ್ ಡಿಪೆಂಡೆನ್ಸಿ:ಟ್ರೀ' ಹೊಡೆಯಿರಿ. ಯಾವ ಜಾರ್ ಯಾರ ಬೆನ್ನು ಹತ್ತಿ ಬಂತು ಅಂತ ಕವಲು ಕವಲಾಗಿ ತೋರಿಸುತ್ತದೆ. ಬೇಡದ್ದು ಬಂದಿದ್ದರೆ ತಂದವರ ಮೇಲೆ 'ಎಕ್ಸ್‌ಕ್ಲೂಷನ್' ಹಾಕಿ. ವರ್ಷನ್ ಜಗಳ ಆದರೆ ಪೇರೆಂಟಿನಲ್ಲಿ ಒಂದನ್ನು ಬರೆದುಬಿಡಿ, ಬೆನ್ನು ಹತ್ತಿ ಬರುವ ಜಾರ್‌ಗೂ ಅದೇ ವರ್ಷನ್ ಅನ್ವಯಿಸುತ್ತದೆ.

ದಿನಾ ಬಿಲ್ಡ್ ಮಾಡೋಕೆ 'ಕ್ಲೀನ್ ಇನ್‌ಸ್ಟಾಲ್' ಎಲ್ಲರ ಕೈಗೂ ಅಂಟಿದ ಅಭ್ಯಾಸ, ಆದರೆ ಬಹಳಷ್ಟು ಸಲ 'ಎಂವಿಎನ್ ವೆರಿಫೈ' ಸಾಕು. ಇನ್‌ಸ್ಟಾಲ್ ನಿಮ್ಮ ಜಾರ್ ಅನ್ನು ಲ್ಯಾಪ್‌ಟಾಪಿನ ಡಾಟ್ ಎಂ2 ಫೋಲ್ಡರಿಗೂ (ಇಳಿಸಿದ ಜಾರ್‌ಗಳನ್ನು ಮೇವನ್ ಕೂಡಿಡುವ ಜಾಗ) ಹಾಕುತ್ತದೆ, ಮುಂದೆ ಯಾವತ್ತೋ ಆ ಹಳೇ ಜಾರ್ ಸಿಕ್ಕು ನಿಮ್ಮನ್ನೇ ಮೋಸ ಮಾಡುತ್ತದೆ. ವೆಬ್ ಮಾಡ್ಯೂಲ್ ಮಾತ್ರ ಬೇಕಿದ್ದರೆ 'ಎಂವಿಎನ್ ವೆರಿಫೈ -ಪಿಎಲ್ ವೆಬ್ -ಎಎಂ'. ವೆಬ್ ಮತ್ತು ಅದಕ್ಕೆ ಬೇಕಾದ ಮಾಡ್ಯೂಲುಗಳಷ್ಟೇ ಬಿಲ್ಡ್ ಆಗುತ್ತವೆ.

ಪಿಜಿ ವೈಫೈನಲ್ಲಿ ಜಾರ್ ಸಿಗದೆ ಬಿಲ್ಡ್ ಬಿದ್ದರೆ ಇನ್ನೊಂದು ಕಾಟ. 'ಸಿಗಲಿಲ್ಲ' ಅನ್ನುವುದನ್ನೂ ಮೇವನ್ ನೆನಪಿಟ್ಟುಕೊಳ್ಳುತ್ತದೆ, ಆಮೇಲೆ ನೆಟ್ ಸರಿಹೋದರೂ ಒಂದಷ್ಟು ಹೊತ್ತು ಹುಡುಕೋಕೆ ಹೋಗುವುದಿಲ್ಲ. '-ಯು' (ದೊಡ್ಡಕ್ಷರದಲ್ಲಿ) ಸೇರಿಸಿ ಓಡಿಸಿ, ಮತ್ತೆ ಕೇಳುತ್ತದೆ. ಡಾಟ್ ಎಂ2 ಪೂರ್ತಿ ಅಳಿಸೋಕೆ ಹೋಗಬೇಡಿ, ಅದೇ ವೈಫೈನಲ್ಲಿ ಎಲ್ಲ ಮತ್ತೆ ಇಳಿಸಬೇಕಾಗುತ್ತದೆ ಅಲ್ವಾ. ಕಂಪನಿಯ ರೆಪಾಸಿಟರಿ (ಜಾರ್‌ಗಳ ಗೋದಾಮು) ಪಾಸ್‌ವರ್ಡ್ ಮೇವನ್ನಿನ ಸೆಟ್ಟಿಂಗ್ಸ್ ಫೈಲಿನಲ್ಲಿರಲಿ, ಪಾಮಿನಲ್ಲಿ ಬೇಡ, ಪಾಮ್ ಗಿಟ್‌ಗೆ ಹೋಗುತ್ತದೆ.

ಆ ರಾತ್ರಿಯ ಮಾರನೇ ದಿನ ನಮ್ಮ ಪೇರೆಂಟ್ ಪಾಮಿಗೆ ರೂಲ್ ಮುರಿದವರನ್ನು ತಡೆಯುವ ಎನ್‌ಫೋರ್ಸರ್ ಪ್ಲಗಿನ್ ಸೇರಿಸಿ, 'ಬ್ಯಾನ್ಡ್ ಡಿಪೆಂಡೆನ್ಸೀಸ್' ರೂಲಿನಲ್ಲಿ ಸರ್ವರ್ ಕೊಡುವ ಎಪಿಐಗಳು ಕಂಪೈಲ್ ಸ್ಕೋಪಿನಲ್ಲಿ (ಅಂದರೆ ವಾರ್ ಒಳಗೂ ಹೋಗುವಂತೆ) ಬಂದರೆ ಬಿಲ್ಡೇ ನಿಲ್ಲಲಿ ಅಂತ ಬರೆದೆವು. ಮೊದಲ ಸಲ ಅದಕ್ಕೆ ಸಿಕ್ಕಿಬಿದ್ದವರು ನಮ್ಮ ಸೀನಿಯರೇ.