ಬಳ್ಳಾರಿಯಿಂದ ಮೂರು ಮೂಲೆ ಸುತ್ತು: ನನ್ನ ಅನುಭವ

ನಮ್ಮ ಬಳ್ಳಾರಿ ಕಡೆಯ ಕಂಪ್ಲಿ ಅಕ್ಕಿ ಬೆಂಗಳೂರಿಗೆ ಇಳಿಸಿ ಖಾಲಿ ಬಂದರೆ ಏನು ಉಳಿಯುತ್ತೆ ಅಂತ ಲಾರಿ ಇಟ್ಟವರಿಗೆ ಹೇಳಬೇಕಿಲ್ಲ. ಹತ್ತು ಚಕ್ರದ ಗಾಡಿ, 18 ಟನ್, 26 ಕೆ.ಜಿ.ಯ 690 ಚೀಲ, ಬಾಡಿಗೆ 20 ಸಾವಿರದ ಆಸುಪಾಸು. ಹೋಗಿಬರುವ 700 ಕಿ.ಮೀ.ಗೆ ಡೀಸೆಲ್ಲೇ 13-14 ಸಾವಿರ. ಟೋಲು, ಭತ್ತೆ ಕಳೆದು ಸಾವಿರ ಉಳಿದರೆ ಪುಣ್ಯ.

ಹಿರಿಯೂರು ಕಡೆಯ 150ಎ ಹೆದ್ದಾರಿ, ಹುಬ್ಬಳ್ಳಿ ಕಡೆಯ 67, ಎರಡೂ ಬಳ್ಳಾರಿಯಲ್ಲೇ ಕೂಡುತ್ತವೆ. ಅಂದಮೇಲೆ ಹೋದ ದಾರಿಯಲ್ಲೇ ವಾಪಸ್ ಯಾಕೆ? ಬೆಂಗಳೂರಿನಿಂದ ಹುಬ್ಬಳ್ಳಿಗೆ ಕಿರಾಣಿ ಮಾಲು, ಗದಗಿನಿಂದ ಹೊಸಪೇಟೆ ಕಡೆಯ ಕೋಳಿ ಆಹಾರದ ಮಿಲ್ಲಿಗೆ ಮೆಕ್ಕೆಜೋಳ, ಅಲ್ಲಿಂದ ಕಂಪ್ಲಿ 30 ಕಿ.ಮೀ. ಒಟ್ಟು 950 ಕಿ.ಮೀ., ಖಾಲಿ ಓಟ 90 ಮಾತ್ರ. 'ಮೂರು ದಿನದ ಕೆಲಸಕ್ಕೆ ಐದು ದಿನ ಹಾಕ್ತೀಯಾ' ಅಂತ ನಕ್ಕವರೇ ಜಾಸ್ತಿ. ಈಗ ಸುತ್ತಿಗೆ ಹತ್ತು ಸಾವಿರ ಉಳಿಯುತ್ತೆ, ಟೈರು, ಕಂತು ಬಿಟ್ಟು.

ಮೊದಲ ನಾಲ್ಕು ಸುತ್ತು ಮಾತ್ರ ನಷ್ಟವೇ. ಹುಬ್ಬಳ್ಳಿಯಿಂದ ಯೂರಿಯಾ ತಂದದ್ದು ದೊಡ್ಡ ತಪ್ಪು. ಅದು ಗಾಳಿಯ ತೇವ ಹೀರಿ ಹಲಗೆಯನ್ನೇ ಒದ್ದೆ ಮಾಡುತ್ತೆ. ಮೇಲೆ ಅಕ್ಕಿ ಹಾಕಿದಾಗ ಕೆಳಸಾಲಿನ ಚೀಲಗಳಿಗೆ ವಾಸನೆ ಹತ್ತಿತು, ಬಾಡಿಗೆಯಲ್ಲಿ ಆರು ಸಾವಿರ ಮುರಿದರು. ಮೆಕ್ಕೆಜೋಳಕ್ಕೆ ಬೇರೆ ಕಾಟ: ಹಲಗೆ ಸಂದಿಯಲ್ಲಿ ಉಳಿದ ಕಾಳಿನ ಹುಳು ಅಕ್ಕಿಗೆ ಏರುತ್ತೆ. ಸಂದಿ ಕೆದಕಿ ಗುಡಿಸಿ, ಒಂದು ತಾಸು ಬಿಸಿಲಿಗೆ ಬಿಟ್ಟು, ಅಡಿಗೆ ತಾಡಪಾಲು ಹಾಸಿಯೇ ಲೋಡ್ ಮಾಡಿ. ಕಾಳಿನ ತೇವ ಶೇ. 14 ದಾಟಿದರೆ ಮಿಲ್ಲಿನವರು ದುಡ್ಡು ಮುರಿಯುತ್ತಾರೆ. ತೇವದ ಮೀಟರ್ ಲೆಕ್ಕ ಗದಗಿನಲ್ಲೇ ಬರೆಸಿಕೊಂಡರೆ ಆ ಜಗಳ ವ್ಯಾಪಾರಿಗೆ, ನಮಗಲ್ಲ.

ಮಾಲು ಸಾಗಿಸಲು ಬೇಕಾದ ಜಿಎಸ್‌ಟಿ ಇ-ವೇ ಬಿಲ್ಲಿನಲ್ಲೂ ಪೆಟ್ಟು ತಿಂದಿದ್ದೇನೆ. ಅದರ ಅವಧಿ 200 ಕಿ.ಮೀ.ಗೆ ಒಂದು ದಿನ. ಬೆಂಗಳೂರಿನಿಂದ ಹುಬ್ಬಳ್ಳಿ 410, ಮೂರು ದಿನ ಸಿಗುತ್ತೆ. ಆದರೆ ಗಾಡಿ ನಂಬರು ತುಂಬಿದ ಕೂಡಲೇ ಅವಧಿ ಶುರು, ಗೋದಾಮಿನಲ್ಲಿ ಒಂದೂವರೆ ದಿನ ನಿಂತರೂ ಅದು ಓಡುತ್ತಲೇ ಇರುತ್ತೆ. ಹಗ್ಗ ಕಟ್ಟಿದ ಮೇಲೆಯೇ ನಂಬರು ತುಂಬಿಸಿ. ತಪ್ಪಿದರೆ, ಅವಧಿ ಮುಗಿಯುವ 8 ತಾಸು ಹಿಂದೆ ಮುಂದೆ ವಿಸ್ತರಿಸಬಹುದು.

ಗದಗಿನ ಲೋಡ್ ಯಾರಿಂದ ಹಿಡಿಯುತ್ತೇನೆ ಅಂತ ಮಾತ್ರ ಕೇಳಬೇಡಿ.

ನಡುವೆ ರಾಯಚೂರಿನ ಅರಳೆ ಬೇಲೂ (ಒತ್ತಿ ಕಟ್ಟಿದ ಹತ್ತಿ ಮೂಟೆ) ನೋಡಿದೆ. ಒಂದು ಬೇಲ್ 170 ಕೆ.ಜಿ., ನೂರು ಬೇಲ್‌ಗೆ ಗಾಡಿ ಭರ್ತಿ, ಬಾಡಿಗೆಯೂ ಚೆನ್ನಾಗಿದೆ. ಆದರೆ ಬೆಂಕಿ ವಿಮೆ ಇಲ್ಲದೆ ಯಾರೂ ಮಾಲು ಕೊಡಲ್ಲ, ಬಿತ್ತನೆ ಹೊತ್ತಿಗೆ ಹತ್ತಿಯ ಬೀಜ ಬಿಡಿಸುವ ಜಿನ್ನಿಂಗ್ ಮಿಲ್ಲುಗಳೂ ಬಂದ್. ಎರಡು ಟ್ರಿಪ್ ಹೊಡೆದು ಬಿಟ್ಟೆ.